ಇಳಕಲ್ಲಿಗೆ ಒಂದು ನಕ್ಷೆ, ಕುಷ್ಟಗಿಗೆ ಇನ್ನೊಂದು: ಹಿಂದುಳಿದ ತಾಲ್ಲೂಕಿನ ಉದ್ದಿಮೆಗೆ ಸಬ್ಸಿಡಿ ಸಿಗುವ ಬಗೆ

ರಾಜ್ಯ ಸರ್ಕಾರವು 2025ರ ಫೆಬ್ರುವರಿ 11ರಂದು ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಕೈಗಾರಿಕಾ ನೀತಿ 2025–30 ಅನ್ನು ಬಿಡುಗಡೆ ಮಾಡಿತು. ಏಳೂವರೆ ಲಕ್ಷ ಕೋಟಿ ರೂಪಾಯಿ ಹೂಡಿಕೆ ಮತ್ತು 20 ಲಕ್ಷ ಉದ್ಯೋಗದ ಗುರಿ ಎಲ್ಲ ಪತ್ರಿಕೆಗಳ ತಲೆಬರಹವಾಯಿತು. ಆದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಓದುಗರ ಗಮನ ಸೆಳೆದದ್ದು ಒಳಪುಟದಲ್ಲಿದ್ದ ಇನ್ನೊಂದು ಸಾಲು: ಹಿಂದುಳಿದ ತಾಲ್ಲೂಕುಗಳಲ್ಲಿ ಉದ್ದಿಮೆ ಆರಂಭಿಸುವವರಿಗೆ ಹೆಚ್ಚುವರಿ ಪ್ರೋತ್ಸಾಹಧನ ದೊರೆಯಲಿದೆ. ಇದಕ್ಕೂ ಮೊದಲು, 2024ರಲ್ಲಿ, ಯಾವ ತಾಲ್ಲೂಕು ಹಿಂದುಳಿದಿದೆ ಎಂಬುದನ್ನೇ ಹೊಸದಾಗಿ ಅಳೆಯಲು ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ಸರ್ಕಾರ ರಚಿಸಿತ್ತು. ಒಂದು ಕಡೆ 2002ರ ನಂಜುಂಡಪ್ಪ ಸಮಿತಿಯ ಹಳೆಯ ಪಟ್ಟಿಯ ಆಧಾರದ ಮೇಲೆ ಹೊಸ ಸೌಲಭ್ಯ, ಇನ್ನೊಂದು ಕಡೆ ಆ ಪಟ್ಟಿಯ ಮರುಪರಿಶೀಲನೆ. ಗೊಂದಲ ಹುಟ್ಟಿದ್ದು ಸಹಜ.

ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗುವವರ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ನಮ್ಮ ಊರು ಯಾವ ವಲಯಕ್ಕೆ ಬರುತ್ತದೆ? ಸಬ್ಸಿಡಿ ಎಷ್ಟು? ಹಣ ಯಾವಾಗ ಕೈಗೆ ಬರುತ್ತದೆ? ಮೊದಲ ಎರಡಕ್ಕೆ ಉತ್ತರ ಕಾಗದದಲ್ಲಿದೆ, ಹುಡುಕಬೇಕಷ್ಟೆ. ಮೂರನೆಯದರ ಉತ್ತರವು ಇಡೀ ವ್ಯವಸ್ಥೆಯ ಸ್ವರೂಪವನ್ನೇ ತೋರಿಸುತ್ತದೆ.

‘ಹಿಂದುಳಿದ’ ಎಂಬ ಒಂದು ಪದ, ನಾಲ್ಕು ನಕ್ಷೆ

ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಇಳಕಲ್ ದಾಟಿದರೆ ಸ್ವಲ್ಪ ಹೊತ್ತಿಗೇ ಕುಷ್ಟಗಿ ಸಿಗುತ್ತದೆ. ನೆಲ, ಮಳೆ, ಬೆಳೆ, ಮಾತು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಇಳಕಲ್ ಬಾಗಲಕೋಟೆ ಜಿಲ್ಲೆಯಲ್ಲಿದೆ, ಕುಷ್ಟಗಿ ಕೊಪ್ಪಳ ಜಿಲ್ಲೆಯಲ್ಲಿದೆ. ಕೊಪ್ಪಳವು ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಗೆ ಬರುವ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಒಂದು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಅದರಿಂದ ಹೊರಗಿವೆ. ಮುಂಬೈ ಕರ್ನಾಟಕಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕ ಎಂಬ ಹೆಸರು ಬಂದಿತೇ ವಿನಾ ಅದರ ಜೊತೆ ಯಾವ ಸಾಂವಿಧಾನಿಕ ಸ್ಥಾನವೂ ಬರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. 371ಜೆ ವಿಧಿಯು ಉದ್ದಿಮೆಗೆ ಸಬ್ಸಿಡಿ ಕೊಡುವ ಕಾನೂನಲ್ಲ. ಶಿಕ್ಷಣ ಮತ್ತು ಸರ್ಕಾರಿ ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲು ಹಾಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಇವು ಅದರ ಮುಖ್ಯ ಫಲಗಳು. ಆದರೂ ಆ ಗಡಿರೇಖೆಯ ನೆರಳು ಇತರ ನೀತಿಗಳ ಮೇಲೆ ಬೀಳುತ್ತದೆ. ಉದಾಹರಣೆಗೆ 2019–24ರ ಜವಳಿ ನೀತಿಯು ಕಲ್ಯಾಣ ಕರ್ನಾಟಕವನ್ನು ಮೊದಲ ವಲಯವಾಗಿ ಇರಿಸಿಕೊಂಡು ಪ್ರೋತ್ಸಾಹಗಳನ್ನು ನಿಗದಿಪಡಿಸಿತ್ತು. ಸೀರೆಯಿಂದಲೇ ದೇಶಕ್ಕೆ ಪರಿಚಿತವಾದ ಇಳಕಲ್, ಖಣಕ್ಕೆ ಹೆಸರಾದ ಗುಳೇದಗುಡ್ಡ, ಮಗ್ಗಗಳ ಸದ್ದು ನಿಲ್ಲದ ರಬಕವಿ–ಬನಹಟ್ಟಿ ಮೂರೂ ಆ ಮೊದಲ ವಲಯದ ಹೊರಗೆ ಉಳಿದವು.

ಎರಡನೆಯ ನಕ್ಷೆ ಕೇಂದ್ರ ಸರ್ಕಾರದ್ದು. ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಕೇಂದ್ರವು ಕರ್ನಾಟಕದಲ್ಲಿ ಗುರುತಿಸಿದ್ದು ಎರಡನ್ನು ಮಾತ್ರ, ರಾಯಚೂರು ಮತ್ತು ಯಾದಗಿರಿ. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಜನರ ಬಾಯಲ್ಲಿ ಪಿಎಂಇಜಿಪಿ, 2022ರಿಂದ ಈ ಜಿಲ್ಲೆಗಳ ಅರ್ಜಿದಾರರನ್ನು ವಿಶೇಷ ವರ್ಗದಲ್ಲಿ ಪರಿಗಣಿಸುತ್ತಿದೆ. ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ವಿಜಯಪುರ ಜಿಲ್ಲೆಯ ತಾಳಿಕೋಟೆ ತಾಲ್ಲೂಕಿನ ಹಳ್ಳಿಯೊಂದರ ಸಾಮಾನ್ಯ ವರ್ಗದ ಪುರುಷ ಅರ್ಜಿದಾರನಿಗೆ ಯೋಜನಾ ವೆಚ್ಚದ ಶೇ 25ರಷ್ಟು ಸಬ್ಸಿಡಿ. ಗಡಿಯಾಚೆ ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಅದೇ ವರ್ಗದವನಿಗೆ ಶೇ 35. ಯೋಜನೆ 20 ಲಕ್ಷ ರೂಪಾಯಿಯದಾದರೆ ಅಂತರ 2 ಲಕ್ಷ.

ಮೂರನೆಯದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ತಾಲ್ಲೂಕುವಾರು ಪಟ್ಟಿ. ರಾಜ್ಯದ ಕೈಗಾರಿಕಾ ನೀತಿ ನೋಡುವುದು ಇದನ್ನೇ. ನಾಲ್ಕನೆಯದು ಗ್ರಾಮೀಣ ಮತ್ತು ನಗರ ಎಂಬ ಸರಳ ವಿಂಗಡಣೆ. ಸರಳವಾಗಿ ಕಂಡರೂ ಹಲವರ ಸಬ್ಸಿಡಿಯನ್ನು ಅತಿ ಹೆಚ್ಚು ಏರುಪೇರು ಮಾಡುವುದು ಅದೇ. ಹೀಗಾಗಿ “ನಮ್ಮದು ಹಿಂದುಳಿದ ಪ್ರದೇಶವೇ?” ಎಂಬ ಪ್ರಶ್ನೆಗೆ ಯಾವ ಯೋಜನೆ ಎಂದು ಹೇಳದ ಹೊರತು ಉತ್ತರವೇ ಇಲ್ಲ. ಒಂದೇ ಊರು ಒಂದು ನಕ್ಷೆಯಲ್ಲಿ ಹಿಂದುಳಿದದ್ದಾಗಿ, ಇನ್ನೊಂದರಲ್ಲಿ ಹಾಗಾಗದೆ ಇರಬಹುದು.

ಇಪ್ಪತ್ತು ವರ್ಷ ದಾಟಿದ ಅಳತೆಗೋಲು

ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿ 175 ತಾಲ್ಲೂಕುಗಳಿದ್ದವು. ಸಮಿತಿಯು ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ಕ್ಷೇತ್ರಗಳಿಂದ 35 ಸೂಚಕಗಳನ್ನು ಆಯ್ದು ಪ್ರತಿ ತಾಲ್ಲೂಕಿಗೂ ಒಂದು ಸಮಗ್ರ ಸೂಚ್ಯಂಕ ಕಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ 39, ಅತಿ ಹಿಂದುಳಿದ 40, ಹಿಂದುಳಿದ 35 ಎಂದು ವಿಂಗಡಿಸಿತು. ಆ 114ರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ಸಂಖ್ಯೆ ಹೆಚ್ಚುಕಡಿಮೆ ಸಮನಾಗಿ ಕಂಡರೂ ತೀವ್ರತೆ ಸಮನಾಗಿರಲಿಲ್ಲ. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದಲ್ಲಿದ್ದವು.

ಈ ಅಳತೆಗೋಲಿನ ಘನತೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಅದನ್ನು ಈಗಿನ ಕೆಲಸಕ್ಕೆ ಬಳಸುವಾಗ ಏಳುವ ತೊಡಕುಗಳೇ ಬೇರೆ. ಮೊದಲನೆಯದಾಗಿ, ಪಟ್ಟಿಯಲ್ಲಿ ಇಲ್ಲದ ಊರುಗಳು ಈಗ ತಾಲ್ಲೂಕು ಕೇಂದ್ರಗಳಾಗಿವೆ. ತಿಕೋಟಾ, ಬಬಲೇಶ್ವರ, ನಿಡಗುಂದಿ, ಕೊಲ್ಹಾರ, ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ ಎಲ್ಲವೂ 2002ರ ನಂತರ ಹುಟ್ಟಿದ ತಾಲ್ಲೂಕುಗಳು. ಬಾಗಲಕೋಟೆಯ ಇಳಕಲ್, ಗುಳೇದಗುಡ್ಡ, ರಬಕವಿ–ಬನಹಟ್ಟಿ, ಬೆಳಗಾವಿಯ ನಿಪ್ಪಾಣಿ, ಕಾಗವಾಡ, ಮೂಡಲಗಿ ಕೂಡ ಹಾಗೆಯೇ. ಹಳೆಯ ಪಟ್ಟಿಯಲ್ಲಿ ಇವುಗಳ ಹೆಸರು ಹುಡುಕಿದರೆ ಸಿಗುವುದಿಲ್ಲ. ಒಡೆದು ಬಂದ ಮೂಲ ತಾಲ್ಲೂಕಿನ ಹೆಸರಿನಡಿ ನೋಡಬೇಕು. ಮೂಲ ತಾಲ್ಲೂಕಿನ ಸಿರಿವಂತ ಭಾಗವೂ ಒಣಭೂಮಿಯ ಭಾಗವೂ ಇಬ್ಭಾಗವಾದ ಮೇಲೆ ಅದೇ ಹಳೆಯ ಅಂಕವನ್ನು ಎರಡೂ ಹೊತ್ತುಕೊಳ್ಳುವುದು ಎಷ್ಟು ಸರಿ ಎಂಬ ಪ್ರಶ್ನೆ ಉಳಿಯುತ್ತದೆ.

ಎರಡನೆಯ ತೊಡಕು ಇನ್ನೂ ಆಳವಾದದ್ದು. ಸೂಚ್ಯಂಕವು ಸಮಗ್ರವಾದದ್ದು, ಕೈಗಾರಿಕೆಯನ್ನು ಮಾತ್ರ ಅಳೆದದ್ದಲ್ಲ. ಕೃಷ್ಣೆ, ಘಟಪ್ರಭೆಯ ನೀರು ಹರಿದು ಕಬ್ಬು ತುಂಬಿದ ತಾಲ್ಲೂಕಿಗೆ ನೀರಾವರಿಯ ಅಂಕ ಚೆನ್ನಾಗಿ ಬೀಳುತ್ತದೆ, ಟ್ರ್ಯಾಕ್ಟರುಗಳ ಲೆಕ್ಕವೂ ಬಲವಾಗಿರುತ್ತದೆ. ಆದರೆ ಅಲ್ಲಿ ಸಕ್ಕರೆ ಕಾರ್ಖಾನೆಯ ಹೊರತು ಬೇರೆ ಉದ್ದಿಮೆಯೇ ಇಲ್ಲದಿರಬಹುದು. ಕೈಗಾರಿಕಾ ಸಬ್ಸಿಡಿಯ ಮಟ್ಟಿಗೆ ಆ ತಾಲ್ಲೂಕು ಮುಂದುವರಿದದ್ದೇ, ಹಿಂದುಳಿದದ್ದೇ? ನೀರಾವರಿಯಿಂದ ಏರಿದ ಅಂಕ ಕಾರ್ಖಾನೆ ಕಟ್ಟುವವನ ಸೌಲಭ್ಯವನ್ನು ಇಳಿಸುವುದು ವಿಚಿತ್ರವಾದರೂ ನಿಯಮದ ಒಳಗೇ ಇದೆ.

ಇನ್ನು, ಸೂಚ್ಯಂಕವು ರಾಜ್ಯದ ಸರಾಸರಿಗೆ ಹೋಲಿಸಿದ ಅಂಕ. ಸರಾಸರಿಯೇ ಮೇಲೆ ಸರಿದರೆ ತಾಲ್ಲೂಕು ತನ್ನಷ್ಟಕ್ಕೆ ಸುಧಾರಿಸಿದರೂ ಹಿಂದುಳಿದ ಪಟ್ಟಿಯಲ್ಲೇ ಇರಬಹುದು. ಬೆಂಗಳೂರು ಬೆಳೆದ ವೇಗವನ್ನು ನೆನೆದರೆ, ಹೊಸದಾಗಿ ಅಳೆದಾಗ ಉತ್ತರದ ತಾಲ್ಲೂಕುಗಳೆಲ್ಲ ತಾವಾಗಿ ಪಟ್ಟಿಯಿಂದ ಹೊರಬೀಳುತ್ತವೆ ಎಂಬ ಭಯಕ್ಕೆ ಹೆಚ್ಚು ಆಧಾರವಿಲ್ಲ.

ಸಾಲದ ಬೆನ್ನಿಗೆ ಬರುವ ಹಣ

ಸಬ್ಸಿಡಿ ಎಂದರೆ ಸರ್ಕಾರ ಕೊಡುವ ಬಂಡವಾಳ ಎಂಬ ಭಾವನೆ ವ್ಯಾಪಕವಾಗಿದೆ. ಬಹುತೇಕ ಯೋಜನೆಗಳಲ್ಲಿ ಅದು ನಿಜವಲ್ಲ. ಸಣ್ಣ ಉದ್ದಿಮೆಗಳ ಯೋಜನೆಗಳಲ್ಲಿ ಸಬ್ಸಿಡಿ ಸಾಲಕ್ಕೆ ಅಂಟಿಕೊಂಡು ಬರುತ್ತದೆ. ರಾಜ್ಯ ನೀತಿಯ ಪ್ರೋತ್ಸಾಹಧನ ಉತ್ಪಾದನೆ ಆರಂಭವಾದ ಮೇಲೆ ಬರುತ್ತದೆ. ಎರಡರಲ್ಲೂ ಮೊದಲ ರೂಪಾಯಿ ಅರ್ಜಿದಾರನದು ಅಥವಾ ಬ್ಯಾಂಕಿನದು.

ಪಿಎಂಇಜಿಪಿಯನ್ನೇ ತೆಗೆದುಕೊಳ್ಳೋಣ. ಇದರಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗಳಿಗೆ ಅವಕಾಶವಿದೆ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ 15, ಗ್ರಾಮೀಣ ಭಾಗದಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಮೊದಲಾದ ವಿಶೇಷ ವರ್ಗಕ್ಕೆ ಕ್ರಮವಾಗಿ ಶೇ 25 ಮತ್ತು ಶೇ 35. ಸ್ವಂತ ವಂತಿಗೆ ಸಾಮಾನ್ಯ ವರ್ಗಕ್ಕೆ ಶೇ 10, ವಿಶೇಷ ವರ್ಗಕ್ಕೆ ಶೇ 5.

ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು 20 ಲಕ್ಷ ರೂಪಾಯಿಯ ಲಿಂಬೆ ಸಂಸ್ಕರಣಾ ಘಟಕಕ್ಕೆ ಅರ್ಜಿ ಹಾಕುತ್ತಾರೆ ಎಂದುಕೊಳ್ಳೋಣ. ಅವರು ಹಾಕಬೇಕಾದ ಸ್ವಂತ ಹಣ 1 ಲಕ್ಷ. ಬ್ಯಾಂಕು ಮಂಜೂರು ಮಾಡಬೇಕಾದದ್ದು ಉಳಿದ 19 ಲಕ್ಷ. ಸಾಲದ ಕಂತು ಬಿಡುಗಡೆಯಾದ ಮೇಲೆ ಬ್ಯಾಂಕು 7 ಲಕ್ಷದ ಸಬ್ಸಿಡಿಗೆ ಬೇಡಿಕೆ ಸಲ್ಲಿಸುತ್ತದೆ. ಮಾರ್ಜಿನ್ ಮನಿ ಎಂದು ಕರೆಯುವ ಆ ಹಣ ಬಂದರೂ ಫಲಾನುಭವಿಯ ಕೈಗೆ ಹೋಗುವುದಿಲ್ಲ, ಬ್ಯಾಂಕಿನಲ್ಲೇ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಮೂರು ವರ್ಷದ ನಂತರ ಘಟಕ ನಡೆಯುತ್ತಿದೆ ಎಂದು ಸ್ಥಳ ಪರಿಶೀಲನೆಯಲ್ಲಿ ಖಚಿತವಾದರೆ ಮಾತ್ರ 7 ಲಕ್ಷ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಅದು ಅವರದೂ ಹೌದು, ಅವರದಲ್ಲವೂ ಹೌದು.

ಈ ಏರ್ಪಾಡಿಗೆ ಕಾರಣವಿದೆ. ಸಬ್ಸಿಡಿ ಕೈಗೆ ಸಿಕ್ಕ ಕೂಡಲೇ ಘಟಕಕ್ಕೆ ಬೀಗ ಹಾಕುವ ಚಾಳಿ ಹಿಂದಿನ ಯೋಜನೆಗಳನ್ನು ಕೆಡಿಸಿತ್ತು. ಮೂರು ವರ್ಷದ ಬೀಗಮುದ್ರೆ ಅದನ್ನು ತಡೆಯುತ್ತದೆ. ಆದರೆ ಅದರ ಬೆಲೆಯನ್ನೂ ನೋಡಬೇಕು: ನಿರ್ಧಾರದ ಅಧಿಕಾರ ಪೂರ್ತಿಯಾಗಿ ಬ್ಯಾಂಕಿನ ಕೈಗೆ ಹೋಗುತ್ತದೆ. ಜಿಲ್ಲಾ ಕೈಗಾರಿಕಾ ಕೇಂದ್ರ, ಖಾದಿ ಆಯೋಗ ಅಥವಾ ಖಾದಿ ಮಂಡಳಿ ಅರ್ಜಿ ಪರಿಶೀಲಿಸಿ ಮುಂದಕ್ಕೆ ಕಳುಹಿಸಬಹುದೇ ಹೊರತು ಸಾಲ ಕೊಡಿ ಎಂದು ಕಟ್ಟಪ್ಪಣೆ ಮಾಡಲಾಗದು. ಸಾಲ ಮಂಜೂರಾಗದಿದ್ದರೆ ಸಬ್ಸಿಡಿಯ ಪ್ರಶ್ನೆಯೇ ಏಳುವುದಿಲ್ಲ. ಶೇ 35 ಎಂಬ ಅಂಕಿ ಎಷ್ಟೇ ದೊಡ್ಡದಾಗಿ ಕಂಡರೂ, ಸೊನ್ನೆಯ ಶೇ 35 ಸೊನ್ನೆಯೇ.

ಅರ್ಜಿಗಳು ಎಡವುವುದು ಕೆಲವು ನಿರ್ದಿಷ್ಟ ಜಾಗಗಳಲ್ಲಿ. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ, ಆದರೂ ಹಲವರು ಸೇರಿಸುತ್ತಾರೆ. ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಮೊದಲ ಬಾರಿಯ ಸಬ್ಸಿಡಿ ಸಿಗದು, ಅದು ಹೊಸ ಘಟಕಗಳಿಗಷ್ಟೇ. ಬೇರೆ ಸರ್ಕಾರಿ ಸಬ್ಸಿಡಿ ಪಡೆದ ಘಟಕಕ್ಕೂ ಅವಕಾಶವಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ಮೀರಿದ ಯೋಜನೆಗೆ ಎಂಟನೆಯ ತರಗತಿ ಪಾಸಾಗಿರಬೇಕು. ಹೊಲದಲ್ಲೇ ಶೆಡ್ ಕಟ್ಟುವವರಿಗೆ ಎನ್‌ಎ, ಅಂದರೆ ಕೃಷಿಯೇತರ ಪರಿವರ್ತನೆ, ಅಗತ್ಯವಿದ್ದೂ ಆಗಿರದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಪ್ರಾಜೆಕ್ಟ್ ರಿಪೋರ್ಟನ್ನು ಬೇರೆ ಜಿಲ್ಲೆಯ ಘಟಕದಿಂದ ನಕಲು ಮಾಡಿ ಹೆಸರು ಬದಲಿಸಿದ್ದರೆ, ಕಚ್ಚಾ ಸರಕಿನ ದರ ಕೇಳಿದ ಕ್ಷಣವೇ ಬ್ಯಾಂಕ್ ವ್ಯವಸ್ಥಾಪಕರಿಗೆ ಅದು ತಿಳಿಯುತ್ತದೆ. ಆನ್‌ಲೈನ್ ಅರ್ಜಿಗೆ ಯಾವ ಶುಲ್ಕವೂ ಇಲ್ಲ. ‘ಮಂಜೂರು ಮಾಡಿಸಿ ಕೊಡುತ್ತೇವೆ’ ಎಂದು ಶೇಕಡಾವಾರು ಕೇಳುವ ಮಧ್ಯವರ್ತಿಗೆ ಈ ಸರಪಳಿಯ ಯಾವ ಕೊಂಡಿಯ ಮೇಲೂ ಅಧಿಕಾರವಿಲ್ಲ.

ಇದರ ನಡುವೆ ಮುದ್ರಾ ಸಾಲವನ್ನೂ ಸಬ್ಸಿಡಿ ಯೋಜನೆ ಎಂದು ತಿಳಿದವರು ಬಹಳ. ಮುದ್ರಾ ಭದ್ರತೆ ಕೇಳದ ಸಾಲವಷ್ಟೇ, ಅದರಲ್ಲಿ ಬಂಡವಾಳ ಸಬ್ಸಿಡಿ ಇಲ್ಲ.

ಹಳ್ಳಿ ಪಟ್ಟಣವಾದ ಮರುದಿನ

ಪಿಎಂಇಜಿಪಿಯ ಪರಿಷ್ಕೃತ ನಿಯಮದಲ್ಲಿ ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಯದು ಗ್ರಾಮೀಣ, ಪುರಾಡಳಿತ ಸಂಸ್ಥೆಗಳ ವ್ಯಾಪ್ತಿಯದು ನಗರ. ನಿಡಗುಂದಿ, ಕೊಲ್ಹಾರ, ದೇವರ ಹಿಪ್ಪರಗಿಯಂಥ ಊರುಗಳು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ ಏರಿದಾಗ ಊರಿನಲ್ಲಿ ಸಂಭ್ರಮವಿರುತ್ತದೆ. ಅನುದಾನದ ಬಾಗಿಲು ತೆರೆಯಿತು ಎಂಬ ಲೆಕ್ಕ ಸುಳ್ಳಲ್ಲ. ಆದರೆ ಉದ್ದಿಮೆಗೆ ಅರ್ಜಿ ಹಾಕುವವರ ಪಾಲಿಗೆ ಶೇ 35 ಇದ್ದದ್ದು ಶೇ 25ಕ್ಕೆ, ಶೇ 25 ಇದ್ದದ್ದು ಶೇ 15ಕ್ಕೆ ಇಳಿಯುತ್ತದೆ. 20 ಲಕ್ಷದ ಘಟಕಕ್ಕೆ ಇದು 2 ಲಕ್ಷದ ನಷ್ಟ. ಊರಿನ ರಸ್ತೆ, ವಿದ್ಯುತ್ತು, ಮಾರುಕಟ್ಟೆ ಯಾವುದೂ ರಾತ್ರೋರಾತ್ರಿ ಬದಲಾಗಿರುವುದಿಲ್ಲ. ಪರಿಣಾಮವಾಗಿ, ತಿಳಿದವರು ಪಟ್ಟಣದ ಗಡಿ ದಾಟಿ ಪಕ್ಕದ ಪಂಚಾಯಿತಿಯ ಸರ್ವೆ ನಂಬರಿನಲ್ಲಿ ಶೆಡ್ ಹುಡುಕುತ್ತಾರೆ. ತಿಳಿಯದವರು ಕಡಿಮೆ ದರಕ್ಕೆ ಒಪ್ಪಿಕೊಳ್ಳುತ್ತಾರೆ.

ಲಿಂಬೆ, ಬೆಲ್ಲ, ಈರುಳ್ಳಿ

ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರವು 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯು ಪ್ರದೇಶದ ಹಿಂದುಳಿಕೆಯನ್ನು ನೋಡುವುದೇ ಇಲ್ಲ. ಕೇಂದ್ರದ ಶೇ 35ಕ್ಕೆ ಗರಿಷ್ಠ ಮಿತಿ 10 ಲಕ್ಷ ರೂಪಾಯಿ. ಅದರ ಮೇಲೆ ಕರ್ನಾಟಕ ಸರ್ಕಾರ ಶೇ 15 ಸೇರಿಸುವುದರಿಂದ ಒಟ್ಟು ಶೇ 50, ಗರಿಷ್ಠ 15 ಲಕ್ಷ. ಒಂದು ಜಿಲ್ಲೆ ಒಂದು ಉತ್ಪನ್ನದ ಲೆಕ್ಕದಲ್ಲಿ ವಿಜಯಪುರಕ್ಕೆ ಲಿಂಬೆ, ಬೆಳಗಾವಿಗೆ ಬೆಲ್ಲ, ಬಾಗಲಕೋಟೆಗೆ ಈರುಳ್ಳಿ ಬಂದಿವೆ. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ ಎಂಬುದು ಬೇರೆ ಮಾತು. ಉಳಿದ ಆಹಾರ ಘಟಕಗಳನ್ನೂ ಯೋಜನೆ ಹೊರಗಿಡುವುದಿಲ್ಲವಾದ್ದರಿಂದ ಅದರಿಂದ ದೊಡ್ಡ ಹಾನಿಯಿಲ್ಲ.

ಹಾಗಾದರೆ ಇಂಡಿಯ ಆ ಲಿಂಬೆ ಘಟಕಕ್ಕೆ ಯಾವುದು ಲೇಸು? 20 ಲಕ್ಷವೂ ಅರ್ಹ ವೆಚ್ಚವೆಂದು ಒಪ್ಪಿತವಾದರೆ ಇಲ್ಲಿ, ಅಂದರೆ ಪಿಎಂಎಫ್‌ಎಂಇಯಲ್ಲಿ, 10 ಲಕ್ಷ; ಅಲ್ಲಿ, ಅಂದರೆ ಪಿಎಂಇಜಿಪಿಯಲ್ಲಿ, 7 ಲಕ್ಷ. ಆದರೆ ಇಲ್ಲಿ ಸ್ವಂತ ವಂತಿಗೆ ಕನಿಷ್ಠ ಶೇ 10, ಅಂದರೆ 2 ಲಕ್ಷ. ಅಲ್ಲಿ 1 ಲಕ್ಷ. ಜೊತೆಗೆ ಇಲ್ಲಿ ದುಡಿಯುವ ಬಂಡವಾಳ ಸಬ್ಸಿಡಿಯ ಲೆಕ್ಕಕ್ಕೆ ಬರುವುದಿಲ್ಲ. ಲಿಂಬೆಯ ದರ ಬೇಸಿಗೆಗೂ ಮಳೆಗಾಲಕ್ಕೂ ಆಕಾಶ ಭೂಮಿಯಷ್ಟು ಏರಿಳಿಯುವುದರಿಂದ ಅಗ್ಗದ ಹೊತ್ತಿನಲ್ಲಿ ಕೊಂಡು ಸಂಗ್ರಹಿಸಲು ದೊಡ್ಡ ಮೊತ್ತದ ದುಡಿಯುವ ಬಂಡವಾಳವೇ ಬೇಕು. ಯಂತ್ರವೇ ಮುಖ್ಯವಾದ ಘಟಕಕ್ಕೆ ಪಿಎಂಎಫ್‌ಎಂಇ ಅನುಕೂಲ, ಸರಕಿನಲ್ಲೇ ಹಣ ಕೂರುವ ಘಟಕಕ್ಕೆ ಪಿಎಂಇಜಿಪಿ ಅನುಕೂಲ. ಒಂದೇ ಘಟಕಕ್ಕೆ ಎರಡನ್ನೂ ಪಡೆಯುವಂತಿಲ್ಲ. ಈ ಎರಡು ಕೇಂದ್ರ ಯೋಜನೆಗಳ ಅವಧಿಯನ್ನೂ 2025–26ರ ಆರ್ಥಿಕ ವರ್ಷದವರೆಗೆ ನಿಗದಿಪಡಿಸಲಾಗಿತ್ತು. ಆದ್ದರಿಂದ ಆನಂತರದ ಅರ್ಜಿದಾರರು ಹಳೆಯ ಕರಪತ್ರವನ್ನು ನಂಬದೆ ಮುಂದುವರಿಕೆಯ ಆದೇಶವನ್ನೇ ಕೇಳಿ ನೋಡಬೇಕು.

ರಾಜ್ಯ ನೀತಿ: ಮೊದಲು ಉತ್ಪಾದನೆ, ಆಮೇಲೆ ಹಣ

ರಾಜ್ಯದ ಕೈಗಾರಿಕಾ ನೀತಿಯು ನಾಡನ್ನು ಮೂರು ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು ಮೂರನೆಯ ವಲಯ. ಉಳಿದ ನಾಡು ಒಂದು ಮತ್ತು ಎರಡನೆಯ ವಲಯಗಳಲ್ಲಿ ಹಂಚಿದೆ. ನಂಜುಂಡಪ್ಪ ಪಟ್ಟಿಯ ಅತಿ ಹಿಂದುಳಿದ ತಾಲ್ಲೂಕಿಗೆ ಶೇ 3, ಅತ್ಯಂತ ಹಿಂದುಳಿದ ತಾಲ್ಲೂಕಿಗೆ ಶೇ 5ರಷ್ಟು ಹೆಚ್ಚುವರಿ ಪ್ರೋತ್ಸಾಹ ಎಂಬುದು ಸುದ್ದಿಯಾದ ಆ ಸಾಲಿನ ತಿರುಳು. ಬಂಡವಾಳ ಸಬ್ಸಿಡಿ ಬೇಕೋ, ಉತ್ಪಾದನೆಗೆ ಜೋಡಿಸಿದ ಪ್ರೋತ್ಸಾಹಧನ ಬೇಕೋ ಎಂದು ಹೂಡಿಕೆದಾರರೇ ಆರಿಸಿಕೊಳ್ಳುವ ಅವಕಾಶವನ್ನೂ ಈ ನೀತಿ ಮೊದಲ ಬಾರಿಗೆ ತಂದಿತು.

ಈ ಆಯ್ಕೆ ಯಾಕೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 2017ರ ಜುಲೈವರೆಗೆ ರಾಜ್ಯಗಳು ಮಾರಾಟ ತೆರಿಗೆಯನ್ನು ಮುಂದೂಡಿ ಅಥವಾ ಮನ್ನಾ ಮಾಡಿ ಉದ್ದಿಮೆಗಳನ್ನು ಸೆಳೆಯುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ತೆರಿಗೆಯ ಹಿಡಿತ ರಾಜ್ಯದ ಕೈಯಲ್ಲಿ ಮೊದಲಿನಂತೆ ಉಳಿಯಲಿಲ್ಲ. ತೆರಿಗೆಯನ್ನು ಬಿಟ್ಟುಕೊಡುವುದರ ಬದಲು ಬೊಕ್ಕಸದಿಂದ ನಗದು ಕೊಡಬೇಕಾಯಿತು. ಬಿಟ್ಟುಕೊಟ್ಟ ತೆರಿಗೆ ಬಜೆಟ್ಟಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೊಡಬೇಕಾದ ನಗದು ಪ್ರತಿ ವರ್ಷ ಒಂದು ಸಾಲಾಗಿ ಕಾಣುತ್ತದೆ, ಬೇರೆ ಬೇಡಿಕೆಗಳ ಜೊತೆ ಸೆಣಸಬೇಕಾಗುತ್ತದೆ. ಆದ್ದರಿಂದಲೇ ಮಂಜೂರಾತಿ ಪತ್ರ ಕೈಯಲ್ಲಿದ್ದರೂ ಹಣ ಬರುವುದು ಬಜೆಟ್ಟಿನ ಬಿಡುಗಡೆಗೆ ತಕ್ಕಂತೆ, ಸರದಿಯ ಪ್ರಕಾರ.

ಪ್ರಕ್ರಿಯೆ ಹೀಗಿದೆ. 15 ಕೋಟಿ ರೂಪಾಯಿವರೆಗಿನ ಯೋಜನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯ ಅನುಮೋದನೆ ಸಾಕು. 15 ಕೋಟಿಯಿಂದ 500 ಕೋಟಿವರೆಗಿನದು ರಾಜ್ಯಮಟ್ಟದ ಸಮಿತಿಗೆ, ಅದಕ್ಕೂ ಮೇಲಿನದು ಉನ್ನತ ಮಟ್ಟದ ಸಮಿತಿಗೆ ಹೋಗುತ್ತದೆ. ಅನುಮೋದನೆ ಸಬ್ಸಿಡಿಯ ಮಂಜೂರಾತಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜಮೀನು, ಕಟ್ಟಡ, ಯಂತ್ರ, ವಿದ್ಯುತ್ ಸಂಪರ್ಕ ಎಲ್ಲ ಮುಗಿದು ವಾಣಿಜ್ಯ ಉತ್ಪಾದನೆ ಆರಂಭವಾದ ಮೇಲೆ ಬಿಲ್ಲುಗಳು, ಪಾವತಿಯ ದಾಖಲೆ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು, ಅದೂ ನಿಗದಿತ ಅವಧಿಯೊಳಗೆ. ನಗದು ಕೊಟ್ಟು ಕೊಂಡ ಹಳೆಯ ಯಂತ್ರಕ್ಕೆ ಈ ಕಾಗದಗಳೆಲ್ಲ ಎಲ್ಲಿಂದ ಬರಬೇಕು?

ಸೌಹಾರ್ದದ ಸಾಲಕ್ಕೆ ಸಬ್ಸಿಡಿ ಸೇರದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಹಣಕಾಸಿನ ನಿಜಸ್ಥಿತಿ ಈ ಚರ್ಚೆಯಲ್ಲಿ ಅಪರೂಪಕ್ಕೆ ಬರುತ್ತದೆ. ಇಲ್ಲಿನ ವ್ಯಾಪಾರಿ, ನೇಕಾರ, ಸಣ್ಣ ಕಾರ್ಖಾನೆಯವನು ದಿನನಿತ್ಯ ವ್ಯವಹರಿಸುವುದು ಪತ್ತಿನ ಸಹಕಾರ ಸಂಘ ಮತ್ತು ಸೌಹಾರ್ದ ಸಹಕಾರಿಗಳ ಜೊತೆ. ಪೇಟೆಯ ಒಂದೇ ಬೀದಿಯಲ್ಲಿ ನಾಲ್ಕಾರು ಫಲಕಗಳು ಕಾಣುವುದು ಇಲ್ಲಿ ಸಾಮಾನ್ಯ. ಪಿಗ್ಮಿ ಕಟ್ಟುವುದು ಅಲ್ಲಿ, ತುರ್ತಿಗೆ ಸಾಲ ಎತ್ತುವುದು ಅಲ್ಲಿ. ಸಂಘದವರಿಗೆ ಮನುಷ್ಯನ ಪರಿಚಯವಿದೆ, ಆತನ ಅಂಗಡಿಯ ದಿನದ ಗಲ್ಲಾ ಗೊತ್ತಿದೆ.

ಆದರೆ ಸಬ್ಸಿಡಿ ಯೋಜನೆಗಳು ಗುರುತಿಸುವುದು ಸಾರ್ವಜನಿಕ ವಲಯದ ಬ್ಯಾಂಕು, ಗ್ರಾಮೀಣ ಬ್ಯಾಂಕು, ಅನುಮೋದಿತ ಖಾಸಗಿ ಮತ್ತು ಸಹಕಾರಿ ಬ್ಯಾಂಕುಗಳ ಸಾಲವನ್ನು. ಸೌಹಾರ್ದದಿಂದ ಸಾಲ ತಂದು ಘಟಕ ಹಾಕಿದವನಿಗೆ ಪಿಎಂಇಜಿಪಿಯ ಒಂದು ರೂಪಾಯಿಯೂ ಸಿಗದು. ಅತ್ತ ಬ್ಯಾಂಕಿನ ಮುಂದೆ ನಿಂತರೆ ಆತನ ಇಪ್ಪತ್ತು ವರ್ಷದ ನಿಯತ್ತಿನ ವ್ಯವಹಾರಕ್ಕೆ ಸಿಬಿಲ್ ಅಂಕದಷ್ಟು ಬೆಲೆಯಿಲ್ಲ. ಈ ಭಾಗದ ಹಳ್ಳಿಗಳಿಗೆ ಹತ್ತಿರವಾಗಿದ್ದ ಧಾರವಾಡ ಕೇಂದ್ರದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ಶಾಖೆಗಳು ಅಲ್ಲೇ ಇವೆ, ಮೇಲಿನ ಕಚೇರಿ ಮಾತ್ರ ದೂರ ಸರಿದಿದೆ.

ಹಿಂದುಳಿದ ಪ್ರದೇಶ ಎಂದರೆ ಬ್ಯಾಂಕ್ ಸಾಲ ವಿರಳವಾಗಿರುವ ಪ್ರದೇಶ ಎಂಬುದೂ ಅದರ ಒಂದು ಲಕ್ಷಣ. ಆ ಕೊರತೆಯನ್ನು ನೀಗಿಸಬೇಕಾದ ನೆರವು ಬ್ಯಾಂಕ್ ಸಾಲವಿದ್ದಲ್ಲಿಗೆ ಮಾತ್ರ ಬರುವಂತೆ ರೂಪಿತವಾಗಿದ್ದರೆ, ಸಾಲ ಈಗಾಗಲೇ ಸುಲಭವಾಗಿರುವ ಊರುಗಳೇ ಹೆಚ್ಚು ಪಾಲು ಪಡೆಯುತ್ತವೆ. ಶೇಕಡಾ ಪ್ರಮಾಣವನ್ನು 35ರಿಂದ 40ಕ್ಕೆ ಏರಿಸಿದರೂ ಈ ಓರೆ ಸರಿಯಾಗುವುದಿಲ್ಲ. ಸಾಲ ಖಾತರಿ ನಿಧಿಯ ಬಳಕೆ, ಅರ್ಜಿ ತಿರಸ್ಕರಿಸಿದ ಕಾರಣವನ್ನು ಶಾಖೆವಾರು ಬಹಿರಂಗಪಡಿಸುವುದು, ಸದೃಢ ಸಹಕಾರಿ ಬ್ಯಾಂಕುಗಳನ್ನು ಯೋಜನೆಯೊಳಗೆ ಹೆಚ್ಚಾಗಿ ತರುವುದು ಇವೇ ಸಬ್ಸಿಡಿ ದರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ ಎಂಬುದು ಈ ಲೇಖನದ ನಿಲುವು.

ಯಾರ ವಾದ ಏನು

ಬೆಳಗಾವಿಯ ಉದ್ಯಮಿಗಳ ದೂರು ವಿಜಯಪುರದವರ ದೂರಿಗಿಂತ ಭಿನ್ನವಾದದ್ದು. ಉದ್ಯಮಬಾಗ, ಮಚ್ಛೆಯ ಫೌಂಡ್ರಿ ಮತ್ತು ಯಂತ್ರಭಾಗಗಳ ಘಟಕಗಳಿಗೆ ಪೈಪೋಟಿ ಬೆಂಗಳೂರಿನಿಂದಲ್ಲ, ಕೊಲ್ಹಾಪುರದಿಂದ. ನಿಪ್ಪಾಣಿ ದಾಟಿದರೆ ಕಾಗಲ್‌ನ ಕೈಗಾರಿಕಾ ಪ್ರದೇಶ. ಮಹಾರಾಷ್ಟ್ರವೂ ತನ್ನ ತಾಲ್ಲೂಕುಗಳನ್ನು ದರ್ಜೆವಾರು ವಿಂಗಡಿಸಿ ಪ್ರೋತ್ಸಾಹ ಕೊಡುತ್ತದೆ. ಬೆಳಗಾವಿ ತಾಲ್ಲೂಕು ಕರ್ನಾಟಕದ ಸರಾಸರಿಗಿಂತ ಮೇಲಿದೆ ಎಂಬ ಕಾರಣಕ್ಕೆ ಇಲ್ಲಿ ಹೆಚ್ಚುವರಿ ಸೌಲಭ್ಯವಿಲ್ಲ. ಗಡಿಯಾಚೆಯವರಿಗೆ ಏನು ಸಿಗುತ್ತದೆ ಎಂಬುದನ್ನು ಸೂಚ್ಯಂಕ ನೋಡುವುದಿಲ್ಲ. ಗಡಿ ತಾಲ್ಲೂಕುಗಳಿಗೆ ಬೇರೆ ಮಾನದಂಡ ಬೇಕೆಂಬ ಅವರ ಬೇಡಿಕೆಯಲ್ಲಿ ತಿರುಳಿದೆ.

ಕಿತ್ತೂರು ಕರ್ನಾಟಕಕ್ಕೂ 371ಜೆ ಮಾದರಿಯ ಸ್ಥಾನ ಅಥವಾ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬೇಕೆಂಬ ಇನ್ನೊಂದು ಕೂಗು ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಬಂದಾಗಲೆಲ್ಲ ಏಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಸ್ಥಿತಿ ಕಲಬುರಗಿ ವಿಭಾಗದ ತಾಲ್ಲೂಕುಗಳಿಗಿಂತ ಏನೂ ಉತ್ತಮವಾಗಿರಲಿಲ್ಲ ಎಂಬುದಕ್ಕೆ 2002ರ ವರದಿಯೇ ಸಾಕ್ಷಿ. ಆದರೆ ವಿಭಾಗಕ್ಕೇ ವಿಶೇಷ ಸ್ಥಾನ ಕೊಟ್ಟರೆ ಬೆಳಗಾವಿ ನಗರವೂ ಹುಬ್ಬಳ್ಳಿ–ಧಾರವಾಡವೂ ಅದರೊಳಗೆ ಬರುತ್ತವೆ, ಹಣ ಮೊದಲು ಅತ್ತಲೇ ಹರಿಯುತ್ತದೆ ಎಂಬ ಪ್ರತಿವಾದವನ್ನು ತಳ್ಳಿಹಾಕುವಂತಿಲ್ಲ.

ಈ ಪ್ರತಿವಾದಕ್ಕೆ ಇತಿಹಾಸದ ಬೆಂಬಲವಿದೆ. ಪಾಂಡೆ ಮತ್ತು ವಾಂಛೂ ಸಮಿತಿಗಳ ಶಿಫಾರಸಿನಿಂದ 1971ರಲ್ಲಿ ಆರಂಭವಾದ ಕೇಂದ್ರದ ಬಂಡವಾಳ ಸಬ್ಸಿಡಿ 1988ರವರೆಗೆ ನಡೆಯಿತು. ಅದನ್ನು ಪರಿಶೀಲಿಸಿದ ಶಿವರಾಮನ್ ಸಮಿತಿ ಕಂಡುಕೊಂಡದ್ದೇನೆಂದರೆ, ಹಣದ ದೊಡ್ಡ ಪಾಲು ಹೋದದ್ದು ಬೆಳೆದ ಕೈಗಾರಿಕಾ ನಗರಗಳ ಮಗ್ಗುಲಲ್ಲಿದ್ದ ಕೆಲವೇ ‘ಹಿಂದುಳಿದ’ ಜಿಲ್ಲೆಗಳಿಗೆ. ಉದ್ದಿಮೆದಾರನು ಸಬ್ಸಿಡಿಯ ಗೆರೆ ದಾಟುವಷ್ಟು ಮಾತ್ರ ದೂರ ಹೋಗುತ್ತಾನೆ, ಅದಕ್ಕಿಂತ ಒಂದು ಮೈಲಿ ಹೆಚ್ಚು ಹೋಗುವುದಿಲ್ಲ. ಸಬ್ಸಿಡಿಯ ಬದಲು ಅದೇ ಹಣವನ್ನು ವಿದ್ಯುತ್ ಉಪಕೇಂದ್ರ, ನೀರು, ರೈಲಿಗೆ ಹಾಕಬೇಕು ಎನ್ನುವವರ ವಾದ ನಿಂತಿರುವುದು ಈ ಅನುಭವದ ಮೇಲೆ. ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಕುಂಟುತ್ತಿರುವ 142 ಕಿಲೋಮೀಟರಿನ ಬಾಗಲಕೋಟೆ–ಕುಡಚಿ ರೈಲು ಮಾರ್ಗವು ಸಿಮೆಂಟ್, ಸಕ್ಕರೆ, ಬೆಲ್ಲದ ಸಾಗಣೆಗೆ ಕೊಡಬಹುದಾದ ಲಾಭವನ್ನು ಶೇ 3 ಅಥವಾ ಶೇ 5ರ ಹೆಚ್ಚುವರಿ ಪ್ರೋತ್ಸಾಹ ಕೊಡಲಾರದು. ಆದರೆ ರೈಲು ಬರುವವರೆಗೆ ಕಾಯುವಂತೆ ಇಂದಿನ ಅರ್ಜಿದಾರನಿಗೆ ಹೇಳುವುದೂ ನ್ಯಾಯವಲ್ಲ.

ಪಟ್ಟಿ ಬದಲಾದರೆ

ಗೋವಿಂದ ರಾವ್ ಸಮಿತಿಯ ಶಿಫಾರಸು ತಾನಾಗಿ ಕೈಗಾರಿಕಾ ನೀತಿಯ ಭಾಗವಾಗುವುದಿಲ್ಲ. ಸರ್ಕಾರ ಅದನ್ನು ಒಪ್ಪಿ, ವಲಯಗಳ ಪಟ್ಟಿಯನ್ನು ತಿದ್ದಿ ಆದೇಶ ಹೊರಡಿಸಬೇಕು. ಅಲ್ಲಿಯವರೆಗೆ ಅರ್ಜಿಗೆ ಆಧಾರ 2002ರ ವರ್ಗೀಕರಣವೇ. ತಿದ್ದುಪಡಿಯಾದಾಗ ಹೊಸ ತಾಲ್ಲೂಕುಗಳಿಗೆ ಮೊದಲ ಬಾರಿಗೆ ತಮ್ಮದೇ ಅಂಕ ಸಿಗುತ್ತದೆ. ಕಾಲುವೆ ನೀರು ಕಂಡ ತಾಲ್ಲೂಕುಗಳು ಮೇಲೇರಿ ಸೌಲಭ್ಯ ಕಳೆದುಕೊಳ್ಳಬಹುದು, ಮೂಲ ತಾಲ್ಲೂಕಿನ ನೆರಳಿನಲ್ಲಿ ಮರೆಯಾಗಿದ್ದ ಒಣಸೀಮೆಯ ತಾಲ್ಲೂಕುಗಳು ಕೆಳದರ್ಜೆಗೆ ಬಂದು ಹೆಚ್ಚು ಪಡೆಯಬಹುದು.

ಎರಡು ವರ್ಷ ಶೆಡ್ ಕಟ್ಟಿ, ಯಂತ್ರ ತಂದು, ಉತ್ಪಾದನೆ ಆರಂಭಿಸುವಷ್ಟರಲ್ಲಿ ತಾಲ್ಲೂಕಿನ ದರ್ಜೆಯೇ ಬದಲಾಗಿದ್ದರೆ ಅನ್ವಯಿಸುವುದು ಏಕಗವಾಕ್ಷಿ ಅನುಮೋದನೆಯ ದಿನದ ಪಟ್ಟಿಯೇ, ಉತ್ಪಾದನೆ ಆರಂಭವಾದ ದಿನದ ಪಟ್ಟಿಯೇ, ಅಥವಾ ಸಬ್ಸಿಡಿಗೆ ಅರ್ಜಿ ಕೊಟ್ಟ ದಿನದ ಪಟ್ಟಿಯೇ? ತಿದ್ದುಪಡಿ ಆದೇಶದಲ್ಲಿ ಈ ಒಂದು ಸಾಲು ಸ್ಪಷ್ಟವಾಗಿರುವುದು ಶೇಕಡಾವಾರಿನ ಚೌಕಾಸಿಗಿಂತ ಮುಖ್ಯ. ಈಗ ಅರ್ಜಿ ಹಾಕುತ್ತಿರುವವರು ಅನುಮೋದನಾ ಪತ್ರದಲ್ಲಿ ತಾಲ್ಲೂಕಿನ ಹೆಸರು, ಅದರ ಮೂಲ ತಾಲ್ಲೂಕು, ವಲಯ ಮತ್ತು ಅನ್ವಯವಾದ ನೀತಿಯ ಹೆಸರು ನಮೂದಾಗಿವೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಲಿಖಿತವಾಗಿ ಕೇಳಿ ಸೇರಿಸಿಕೊಳ್ಳಬೇಕು.